ಊರಿನ ಜಾಗ ಖಾಲಿ ಇರಲಿ

ನಾವು ಮಾಡುತ್ತಿದ್ದ ಕೆಲಸಕ್ಕೆ ಸರಿಯಾದ ಒಂದು ಹೆಸರು ಇರಲಿಲ್ಲ. ಮನೆಗೆ ಬಂದವರು "ಇಡೀ ಹೊತ್ತು ಫೋನ್ ಹಿಡ್ಕೊಂಡು ಏನ್ ಮಾಡ್ತೀರಿ?" ಎಂದು ಕೇಳಿದರೆ "ಜೋಡಿಸ್ತಾ ಇದ್ದೀನಿ" ಎನ್ನುತ್ತಿದ್ದೆ. ಏನನ್ನು ಎಂದು ಅವರು ಮುಂದೆ ಕೇಳುತ್ತಿರಲಿಲ್ಲ. ಅಷ್ಟರಲ್ಲಿ ಕಾಫಿ ಲೋಟ ಕೈಗೆ ಬಂದಿರುತ್ತಿತ್ತು. ಈಗ ನಾನು ಕೆಲಸ ಬಿಟ್ಟಿದ್ದೇನೆ, ನನ್ನ ಜಾಗಕ್ಕೆ ಹೊಸಬರು ಬರುತ್ತಿದ್ದಾರೆ. ಯಾವ ಗುಂಡಿ ಒತ್ತಿದರೆ ಏನಾಗುತ್ತದೆ ಎಂದು ಹೇಳಿಕೊಡಲು ಅವರಿಗೆ ಬೇಕಾದಷ್ಟು ಜನ ಇದ್ದಾರೆ. ಒತ್ತುವ ಮುಂಚೆ ಕೈ ಯಾಕೆ ತಡೆಯಬೇಕು ಎಂಬುದನ್ನು ನಾನು ಹೇಳದಿದ್ದರೆ ಯಾರೂ ಹೇಳಲಾರರು ಎನಿಸಿ ಕೂತಿದ್ದೇನೆ.

ನನ್ನ ಹೆಸರು ಲಲಿತಾ. ಇರುವುದು ಮಂಡ್ಯದಲ್ಲಿ. ನಮ್ಮ ಮನೆಯವರು ಸರ್ಕಾರಿ ನೌಕರಿಯಲ್ಲಿದ್ದು ನಿವೃತ್ತರಾದವರು. ನಾನು ಓದಿದ್ದು ಕಾನ್ವೆಂಟಿನಲ್ಲಿ, ಮಾಡಿದ್ದು ಮನೆಗೆಲಸ. ಶಾಲೆಯಲ್ಲಿ ಆಟದ ಪಿರಿಯಡ್ ತಪ್ಪಿದ ದಿನಗಳಲ್ಲಿ ಸಿಸ್ಟರ್ ಒಬ್ಬರು ನಮ್ಮನ್ನು ಗ್ರಂಥಾಲಯದ ಕಪಾಟು ಜೋಡಿಸಲು ಹಚ್ಚುತ್ತಿದ್ದರು. ತಪ್ಪು ಜಾಗದಲ್ಲಿಟ್ಟ ಪುಸ್ತಕ ಕಳೆದುಹೋದ ಪುಸ್ತಕ ಎನ್ನುತ್ತಿದ್ದರು. ಸಾಸಿವೆ ಡಬ್ಬಿಯಲ್ಲಿ ಸಾಸಿವೆಯೇ ಇರಬೇಕು ಎನ್ನುವ ನನ್ನ ಹಟ ಅಲ್ಲಿಂದ ಬಂದದ್ದು.

ಮದ್ದೂರಿನಲ್ಲಿ ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ ಇಟ್ಟುಕೊಂಡಿದ್ದ ಕೆಂಪರಾಜು 'ನಾಲೆ ಏರಿ' ಎಂಬ ಜಾಲತಾಣವನ್ನು ಕಟ್ಟಿದರು. ನಮ್ಮ ಸುತ್ತಿನ ಜನ ಸಂಜೆ ನಾಲೆ ಏರಿಯ ಮೇಲೆ ನಡೆಯುತ್ತ ಮಾತಾಡುವಂತೆ ಇಲ್ಲಿ ಬರೆಯಲಿ ಎಂದು ಅವರ ಆಸೆ. ಇದು ಒಬ್ಬ ಯಜಮಾನನ ಜಾಲವಲ್ಲ. ಇಂಥ ತಾಣಗಳು ದೇಶದೇಶಗಳಲ್ಲಿ ನೂರಾರಿವೆ. ಒಂದೊಂದಕ್ಕೂ ಒಂದೊಂದು ಸರ್ವರ್, ಒಬ್ಬೊಬ್ಬ ನೋಡಿಕೊಳ್ಳುವವನು. ಆದರೆ ಎಲ್ಲವೂ ಒಂದಕ್ಕೊಂದು ಮಾತಾಡುತ್ತವೆ. ನಮ್ಮಲ್ಲಿ ಬರೆದದ್ದನ್ನು ಬೇರೆ ತಾಣದಲ್ಲಿ ಯಾರಾದರೂ ಓದುತ್ತಿದ್ದರೆ ಅದರ ಒಂದು ಪ್ರತಿ ಅಲ್ಲಿಗೂ ಹೋಗಿ ಕೂರುತ್ತದೆ. ಕೊಕ್ಕರೆ ಬೆಳ್ಳೂರಿಗೆ ಹೆಜ್ಜಾರ್ಲೆಗಳು ಬಂದವು ಎಂದು ಯಾರಾದರೂ ಹಾಕಿದರೆ, ನಾವು ಹೆಸರೂ ಕೇಳದ ಊರಿನ ಹಕ್ಕಿಪ್ರಿಯರು ಅದನ್ನು ತಮ್ಮ ತಾಣದಲ್ಲಿ ನೋಡಿ ಸಂತೋಷಪಡುತ್ತಿದ್ದರು. ಆಗ ನಮಗೂ ಅದು ಸಂತೋಷದ ವಿಷಯವೇ ಆಗಿತ್ತು.

ಜನ ಬರೆಯುವುದನ್ನು ಅದರದರ ಗುಂಪಿಗೆ ಸೇರಿಸುವುದು ನನ್ನ ಕೆಲಸ. ನಾಲೆ ನೀರು, ಕರೆಂಟು, ರಕ್ತ ಬೇಕು, ದನಕರು, ಅಡುಗೆ, ಸೂಜಿ ದಾರ, ಶುಭ ಸುದ್ದಿ, ಹೀಗೆ ಗುಂಪುಗಳು. ದನಕರು ಗುಂಪನ್ನು ಹೊಳಲಿನ ಜಯಮ್ಮ ನೋಡಿಕೊಳ್ಳುತ್ತಿದ್ದರು. ಅವರು ಟೈಪ್ ಮಾಡುತ್ತಿರಲಿಲ್ಲ, ಎಲ್ಲಕ್ಕೂ ಬಾಯಿಂದಲೇ ಉತ್ತರ. ಹಿಂದೆ ಎಮ್ಮೆ ಕೂಗುವುದೂ ಅದರಲ್ಲೇ ಕೇಳುತ್ತಿತ್ತು.

ಶುರುವಿನಲ್ಲಿ ಒಂದು ಎಡವಟ್ಟು. ಬಾಳೆ ಎಲೆಯ ಒಂದು ಫೋಟೊ ಬಂತು. ದೊಡ್ಡ ಮುದ್ದೆ, ಬಾಡಿನ ಸಾರು, ಬೋಟಿ ಗೊಜ್ಜು, ಎಲೆಯ ತುದಿಯಲ್ಲಿ ಒಂದು ಕಟ್ಟು ಬೀಡಿ. ಬೀಡಿಯನ್ನು ನಾನು ಕಂಡೆ. ಇದೇಕೆ ಇಲ್ಲಿದೆ ಎಂದೂ ಅಂದುಕೊಂಡೆ. ಒಲೆಯ ಮೇಲೆ ಹಾಲಿತ್ತು, ಜೊತೆಗಿದ್ದ ಸಾಲನ್ನು ಓದದೆ 'ಅಡುಗೆ' ಗುಂಪಿಗೆ ಹಾಕಿ ಎದ್ದೆ. ಮರಳಿ ನೋಡುವಷ್ಟರಲ್ಲಿ ಕೆಳಗೆ ಸಂತೆ ನೆರೆದಿತ್ತು.

"ಮುದ್ದೆ ಗಾತ್ರ ನೋಡ್ಲಾ, ರಾಗಿ ಕಲ್ಲಿದ್ದಂಗದೆ!"

"ನಂಗೂ ಒಂದೆಲೆ ಆಕ್ಲಾ, ಬತ್ತಾವ್ನಿ."

"ಬೀಡಿ ಬ್ಯಾರೆ ಇಟ್ಟವ್ನೆ, ಸೋಕಿ ನೋಡು ಮಗಂದು!"

ಕೊನೆಗೆ ಫೋಟೊ ಹಾಕಿದವನು ಬರೆದಿದ್ದ: "ನಮ್ಮಪ್ಪಂಗೆ ಎಡೆ ಇಟ್ಟಿರದು ಕಣ್ರಲಾ. ಅನ್ನೊಂದನೇ ದಿನ ಇವತ್ತು."

ನಾನು ಫೋನ್ ಮಾಡಿ ಕ್ಷಮೆ ಕೇಳಿದೆ. "ಬುಡಿ ಅಮ್ಮ, ನಮ್ಮಪ್ಪ ಇದ್ದಿದ್ರೆ ಅವ್ನೂ ನಗ್ತಿದ್ದ" ಎಂದ. ಕೆಂಪರಾಜು ನಗಲಿಲ್ಲ. "ಅಕ್ಕಾ, ಚಿತ್ರ ಆಮೇಕ್ ನೋಡಿ, ಮೊದ್ಲು ಅಕ್ಷರ ಓದಿ" ಎಂದರು. ಅದು ಅವರು ನನಗೆ ಹೇಳಿದ ಮೊದಲ ಪಾಠ.

ಎರಡನೆಯ ಪಾಠವನ್ನು ಯಾರೂ ಬಾಯಲ್ಲಿ ಹೇಳಲಿಲ್ಲ. ನಾಲೆಗೆ ಕಾರು ಬೀಳುವುದು ನಮ್ಮ ಕಡೆ ಹೊಸದಲ್ಲ. ಅಂಥ ಒಂದು ದಿನ ಯಾರೋ ಏರಿಯ ಮೇಲೆ ನಿಂತು ತೆಗೆದ ಫೋಟೊಗಳನ್ನು ಹಾಕಿದರು. ನೀರಿನಿಂದ ಎತ್ತಿದವರ ಮುಖವನ್ನು ಟವೆಲಿನಿಂದ ಮುಚ್ಚಿದ್ದರು. ಒಂದು ಕಾಲಿನ ಚಪ್ಪಲಿ ಮಾತ್ರ ಕಾಣುತ್ತಿತ್ತು. ಕಿತ್ತುಹೋಗಿದ್ದ ಉಂಗುಷ್ಠಕ್ಕೆ ಹಸಿರು ಪ್ಲಾಸ್ಟಿಕ್ ದಾರ ಕಟ್ಟಿದ ಚಪ್ಪಲಿ. ಒತ್ತಿದರೆ ಮಾತ್ರ ಕಾಣುವಂತೆ ನಾನು ಆ ಚಿತ್ರಗಳ ಮೇಲೆ ಮುಸುಕು ಎಳೆದು, 'ನೋಡುವ ಮುಂಚೆ ಎಚ್ಚರ' ಎಂದು ಬರೆಯುವಷ್ಟರಲ್ಲಿ ಒಬ್ಬ ತಾಯಿ ಕೆಳಗೆ ಬರೆದಾಗಿತ್ತು: "ಈ ದಾರ ನಾನೇ ಕಟ್ಟಿದ್ದು." ಅವರ ಮನೆಗೆ ಸುದ್ದಿ ತಲುಪಿದ್ದು ಹಾಗೆ. ಅಲ್ಲಿಂದ ಮುಂದೆ ಅಪಘಾತದ ಯಾವ ಚಿತ್ರವೂ ಮುಸುಕಿಲ್ಲದೆ ನಮ್ಮಲ್ಲಿ ತೆರೆದುಕೊಳ್ಳಲಿಲ್ಲ.

ಊರಿನ ನಿಯಮ ಬಂದದ್ದು ನೀರಿನಿಂದ. ನಾಲೆಗೆ ಸರದಿಯ ಮೇಲೆ ನೀರು ಬಿಡುವ ಬೇಸಿಗೆ. ಯಾರೋ "ನೀರು ಬಂತು" ಎಂದಷ್ಟೇ ಹಾಕಿದರು. ಓದಿದವರು ಗುದ್ದಲಿ ಹಿಡಿದು ಗದ್ದೆಗೆ ಓಡಿದರು. ಕೊನೆಯ ಭಾಗದವರ ನಾಲೆಯಲ್ಲಿ ಒಣ ಕೆಸರು ಬಿರುಕು ಬಿಟ್ಟಿತ್ತು.

"ಯಾವೂರಲ್ಲಿ ಬಂತ್ಲಾ ನೀರು?"

"ನಮ್ಮೂರಲ್ಲಿ ಕಣ್ಲಾ."

"ನಿಮ್ಮೂರ್ಗೆ ಎಸ್ರಿಲ್ವೇನ್ಲಾ, ಮುಂಡೇದೆ?"

ಅಂದೇ ಕೆಂಪರಾಜು ತೀರ್ಮಾನಿಸಿದರು. ಬರಹದ ತಲೆಯ ಮೇಲೆ ವಿಷಯದ ಪಕ್ಕದಲ್ಲಿ ಊರಿಗೊಂದು ಜಾಗ ಇರಬೇಕು, ಆ ಜಾಗ ಖಾಲಿ ಬಿಟ್ಟವರನ್ನು ನಾವು ಕೇಳಿ ತುಂಬಿಸಬೇಕು. "ನಮ್ ಕಡೆ ಮನ್ಸನ್ನ ಕಂಡ್ರೆ ಮೊದ್ಲು ಕೇಳಾದೇನಕ್ಕ? ಯಾವೂರಾಯ್ತು, ಯಾರ ಪೈಕಿ ಅಂತ. ಇಲ್ಲೂ ಅಂಗೇ."

ಅದರಲ್ಲಿ ತಪ್ಪಿದೆ ಎಂದು ಯಾರಿಗೂ ಅನಿಸಲಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರನ್ನು, ಆಸ್ಪತ್ರೆಯ ಸಾಲಿನಲ್ಲಿ ಮುಂದೆ ನಿಂತವರನ್ನು, ಬಾಗಿಲಿಗೆ ಬಂದು ನೀರು ಕೇಳಿದವರನ್ನು ನಾವು ಕೇಳುವುದು ಅದನ್ನೇ. ಕೇಳದಿದ್ದರೆ ಅಸಡ್ಡೆ ಮಾಡಿದಂತೆ. ನಿಯಮದಿಂದ ಉಪಕಾರವೂ ಆಯಿತು. ಕೊತ್ತತ್ತಿಯವರಿಗೆ ನೀರಿನ ಸರದಿ ಸರಿಯಾಗಿ ಗೊತ್ತಾಯಿತು, ಕರೆಂಟು ಹೋದ ಊರು ತಿಳಿಯಿತು, ರಕ್ತ ಕೊಡುವವರು ಹತ್ತಿರದಲ್ಲೇ ಸಿಕ್ಕರು. ಕೆಂಪರಾಜು ಒಂದು ಪುಟ ಮಾಡಿದರು. ಒಂದು ಕಡೆ ವಿಷಯ, ಇನ್ನೊಂದು ಕಡೆ ಊರು. ಎರಡನ್ನೂ ಒತ್ತಿದರೆ ಆ ಊರಿನಲ್ಲಿ ಆ ವಿಷಯ ಬರೆದವರು ಮಾತ್ರ ಉಳಿಯುತ್ತಾರೆ. ಜನ ಹೆಚ್ಚಾದ ಮೇಲೆ, ನನಗೆ ಬಿಡುವಿಲ್ಲದಾಗ ಬರಹಗಳನ್ನು ಗುಂಪಿಗೆ ಸೇರಿಸಲು ಒಂದು ಸಣ್ಣ ಪ್ರೋಗ್ರಾಮನ್ನೂ ಕೂರಿಸಿದರು. ಬರೆದವರು ಊರು ಹಾಕಲು ಮರೆತರೆ ಅದು ಕೆಳಗಿನ ಉತ್ತರಗಳನ್ನು ಓದಿ, ಅಲ್ಲಿ ಯಾರಾದರೂ 'ನಮ್ಮೂರು' ಎಂದು ಹೆಸರು ಹೇಳಿದ್ದರೆ ತಾನೇ ತುಂಬುತ್ತಿತ್ತು. "ನಮ್ ಜನ ಏಳ್ದೆ ಇರ್ತಾರಾ? ಏಳೇ ಏಳ್ತಾರೆ" ಎಂದು ಹೆಮ್ಮೆಯಿಂದ ಹೇಳಿದ್ದರು.

ಆ ಹೊತ್ತಿಗೆ 'ಸೂಜಿ ದಾರ' ಗುಂಪಿಗೆ ಒಬ್ಬಳು ಬಂದಳು. ಇಟ್ಟುಕೊಂಡ ಹೆಸರು ಸೂಜಿಮಲ್ಲಿಗೆ. ಅವಳ ನಿಜವಾದ ಹೆಸರು ನನಗೆ ಆಮೇಲೆ ತಿಳಿಯಿತು, ಇಲ್ಲಿ ಬರೆಯುವುದಿಲ್ಲ. ಅವಳು ಹೊಲಿದ ರವಿಕೆಗಳ ಫೋಟೊ ಹಾಕುತ್ತಿದ್ದಳು. ನೀಲಿ ಬಳಿದ ಗೋಡೆ, ಮೊಳೆಗೆ ನೇತುಹಾಕಿದ ರವಿಕೆ, ಪಕ್ಕದಲ್ಲಿ ಕತ್ತರಿ. ಕತ್ತರಿಯ ಹಿಡಿಗೆ ಕೆಂಪು ದಾರ ಸುತ್ತಿದ್ದಳು, ಬೆರಳು ನೋಯದಿರಲಿ ಎಂದಿರಬೇಕು. ಒಮ್ಮೆ ಚಿತ್ರದ ಅಂಚಿನಲ್ಲಿ ಒಂದು ಪುಟ್ಟ ಪಾದ ಕಂಡಿತ್ತು, ಗೆಜ್ಜೆ ಇಲ್ಲದ ಪಾದ. ತೋಳು ಕೂರಿಸುವಾಗ ಸುಕ್ಕು ಬರುವುದು ಯಾಕೆ ಎಂದು ಯಾರಾದರೂ ಕೇಳಿದರೆ ಅವಳು ತಾಳ್ಮೆಯಿಂದ ಬರೆಯುತ್ತಿದ್ದಳು. ಮೆಷಿನು ಎಲ್ಲಿಯದು ಎಂದು ಯಾರೋ ಕೇಳಿದಾಗ, ಇಂಥ ಊರಿನ ಗೆಳತಿ ಕೊಟ್ಟಳು, ದೇವರಂಥವಳು ಎಂದು ಗೆಳತಿಯ ಊರನ್ನು ಬರೆದಿದ್ದಳು. ತನ್ನ ಊರಿನ ಜಾಗವನ್ನು ಮಾತ್ರ ಪ್ರತಿ ಸಲವೂ ಖಾಲಿ ಬಿಡುತ್ತಿದ್ದಳು.

ನಿಯಮದ ಪ್ರಕಾರ ನಾನು ಅವಳಿಗೊಬ್ಬಳಿಗೇ ಕಾಣುವಂತೆ ಬರೆದೆ: "ನಮಸ್ಕಾರ. ನಿಮ್ಮ ಊರಿನ ಹೆಸರು ಬಿಟ್ಟುಹೋಗಿದೆ, ದಯವಿಟ್ಟು ತುಂಬಿಸಿ."

ಉತ್ತರ ತಡವಾಗಿ ಬಂತು. "ಅಮ್ಮ, ಊರು ಬ್ಯಾಡ. ಗಂಡನ ಮನೆ ಮಳವಳ್ಳಿ ಕಡೆ. ಮೊಗ ಎತ್ಕೊಂಡು ಬಂದ್ಬುಟ್ಟಿವ್ನಿ. ಅವ್ನು ಉಡುಕ್ತಾವ್ನೆ. ಸಿಕ್ಕುದ್ರೆ ಬುಡಾಕಿಲ್ಲ."

ಕೆಂಪರಾಜು ಅವರಿಗೆ ಫೋನ್ ಮಾಡಿದೆ.

"ಒಬ್ರಿಗೆ ಖಾಲಿ ಬುಟ್ರೆ ನಾಳೆ ಎಲ್ರೂ ಖಾಲಿ ಬುಡ್ತಾರೆ ಕಣಕ್ಕ. ಕೋಳಿ ಕಳ್ದೋಯ್ತು ಅನ್ನೋರ್ಗೂ ನಾನು ಊರು ಕೇಳ್ತಾ ಇವ್ನಿ."

"ಕೋಳಿ ಮಾತು ಬೇರೆ ಕೆಂಪರಾಜು. ಇವಳನ್ನ ಹುಡುಕಿಕೊಂಡು ಒಬ್ಬ ಬರ್ತಾ ಇದ್ದಾನೆ."

ಆ ಕಡೆ ಜೆರಾಕ್ಸ್ ಯಂತ್ರ ಓಡುತ್ತಲೇ ಇತ್ತು. ಅದು ನಿಂತ ಮೇಲೆ ಅವರೆಂದರು: "ಆಯ್ತು. ನಿಮ್ಮ ಮಾತ್ಗೆ."

ಹಾಗೆ ನಾವಿಬ್ಬರೂ ಆ ಒಂದು ಜಾಗವನ್ನು ಖಾಲಿ ಬಿಟ್ಟೆವು. ಪ್ರೋಗ್ರಾಮಿಗೆ ಆ ಮಾತು ಗೊತ್ತಿರಲಿಲ್ಲ. ಅದಕ್ಕೆ ಹೇಳಬೇಕು ಎಂದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಒಂದು ಬೆಳಿಗ್ಗೆ ಅವಳು ಹಸಿರು ರವಿಕೆಯೊಂದರ ಫೋಟೊ ಹಾಕಿದಳು. ಬೆನ್ನಿಗೆ ನವಿಲುಗರಿಯ ಹೊಲಿಗೆ. ಕೆಳಗೆ ಒಬ್ಬ ಹೆಂಗಸು ಸಂಭ್ರಮದಿಂದ ಬರೆದಳು: "ಅಯ್ಯೋ ಇದು ನಮ್ಮತ್ತಿಗೇದು ಕಣ್ರವ್ವಾ! ನಮ್ಮೂರಲ್ಲೇ ಒಲ್ಸಿದ್ದು!" ಊರಿನ ಹೆಸರನ್ನೂ ಬರೆದಳು. ಆಕೆಯ ಮನಸ್ಸಿನಲ್ಲಿದ್ದದ್ದು ಹೊಗಳಿಕೆಯೇ. ಒಳ್ಳೆಯ ದರ್ಜಿ ನಮ್ಮೂರಿನಲ್ಲಿದ್ದಾಳೆ ಎಂಬ ಹೆಮ್ಮೆ. ನಾನು ಆಗ ಒತ್ತುಶಾವಿಗೆ ಮಾಡುತ್ತಿದ್ದೆ, ಮನೆಯಲ್ಲಿ ನೆಂಟರು. ಕೈ ತೊಳೆದು ಬಂದು ನೋಡಿದರೆ ಊರಿನ ಜಾಗ ತುಂಬಿತ್ತು. ಆ ಬರಹಕ್ಕೆ ಮಾತ್ರವಲ್ಲ, ಅವಳ ಹಿಂದಿನ ಎಲ್ಲ ಬರಹಗಳಿಗೂ. ಪುಟಕ್ಕೆ ಹೋಗಿ 'ಸೂಜಿ ದಾರ' ಒತ್ತಿದೆ, ಆ ಊರನ್ನು ಒತ್ತಿದೆ. ಒಬ್ಬಳೇ ಉಳಿದಳು.

"ತೆಗ್ದೆ ಕಣಕ್ಕ, ತೆಗ್ದೆ, ಎಲ್ಲಾ ತೆಗ್ದೆ" ಎಂದರು ಕೆಂಪರಾಜು. ಉಸಿರು ಜೋರಾಗಿತ್ತು.

"ಹೊರಗೆ ಹೋದದ್ದು?"

ಅವರು ಫೋನ್ ಇಟ್ಟರು. ಜಯಮ್ಮನಿಗೆ ಹೇಳಿದಾಗ ಅವರು ಒಂದೇ ಮಾತು ಕಳಿಸಿದರು: "ತೂಬು ಎತ್ತುದ್ಮೇಲೆ ಕೆಳಗಲ ಗದ್ದೆಗೋದ ನೀರ್ನ ವಾಪಸ್ ಕರೆಯಾಕಾಯ್ತದಾ ಲಲಿತವ್ವ?"

ನಮ್ಮ ತಾಣದಲ್ಲಿ ಅಳಿಸಿದ್ದೆವು. ಅಳಿಸಿ ಎಂಬ ಸೂಚನೆ ಉಳಿದ ತಾಣಗಳಿಗೂ ಹೋಗುತ್ತದೆ. ಪಾಲಿಸುವುದು ಬಿಡುವುದು ಅಲ್ಲಿಯವರ ಇಷ್ಟ. ನಾನು ಸೂಜಿಮಲ್ಲಿಗೆಗೆ ಬರೆದೆ, ನಿನ್ನ ಊರು ಹೊರಬಿದ್ದಿದೆ, ಹೊರಡು ಎಂದು. "ಮೊಗೀಗೆ ಜ್ವರ ಅಮ್ಮ. ಇಳೀಲಿ, ಗೆಳತಿ ಮನೆಗೆ ಓಯ್ತೀನಿ" ಎಂದಳು. ನಮ್ಮ ಮನೆಗೆ ಬಾ ಎಂದೆ. ಅವಳು ಬರಲಿಲ್ಲ.

ಕೆಲವು ದಿನ ಕಳೆದ ಮೇಲೆ 'ಶುಭ ಸುದ್ದಿ' ಗುಂಪಿಗೆ ಒಂದು ಫೋಟೊ ಬಂತು. "ನಮ್ಮೂರ ಯಜಮಾನರು ಕೂತು ಮಾತಾಡಿ ದೂರವಾಗಿದ್ದ ಗಂಡ ಹೆಂಡತಿಯನ್ನು ಒಂದು ಮಾಡಿದರು" ಎಂಬ ಸಾಲು. ತೊಳೆದ ಬಿಳಿ ಶರ್ಟಿನ ಗಂಡಸು ಮಗುವನ್ನೆತ್ತಿಕೊಂಡು ನಗುತ್ತಿದ್ದ. ಅಂಚಿನಲ್ಲಿ ಒಬ್ಬ ಹೆಂಗಸು, ಮುಖ ಅರ್ಧ ಮಾತ್ರ ಬಂದಿತ್ತು. ಅವಳ ಕೈ ಹೊಲಿಗೆ ಮೆಷಿನಿನ ಚಕ್ರದ ಮೇಲಿತ್ತು, ಬಸ್ಸಿನ ಕಂಬಿ ಹಿಡಿದ ಹಾಗೆ ಬಿಗಿಯಾಗಿ. ಹಿಂದೆ ನೀಲಿ ಗೋಡೆ. ಕೆಳಗೆ ಹೂವು, ಹೃದಯ, ಕೈಮುಗಿದ ಚಿಹ್ನೆಗಳು ಸಾಲುಗಟ್ಟಿದ್ದವು. ಪ್ರೋಗ್ರಾಮ್ ಅದನ್ನು ಸರಿಯಾದ ಗುಂಪಿಗೇ ಸೇರಿಸಿತ್ತು.

ನಾನು ಅದನ್ನು ತೆಗೆದುಹಾಕಿದೆ. ತಕ್ಷಣ ಒಬ್ಬರು ನನ್ನನ್ನು ಎಲ್ಲರೆದುರು ಬೈದರು: "ಗಂಡ ಎಂಡ್ರು ಒಂದಾದ್ರೆ ನಿಮಗ್ಯಾಕಮ್ಮ ಒಟ್ಟೆ ಉರಿ? ಇಂಗ್ಲಿಸ್ ಓದ್ದೋರೆಲ್ಲ ಇಂಗೇಯ." ಆ ಮಾತಿಗೆ ಬಹಳ ಜನ ಮೆಚ್ಚುಗೆ ಒತ್ತಿದರು. ನಾನು ಮರುಮಾತಾಡಲಿಲ್ಲ. ಅವಳ ಕಥೆ ಹೇಳಿದ್ದರೆ ಅದೂ ಒಂದು ಬರಹವಾಗಿ ಊರೂರಿಗೆ ಹೋಗುತ್ತಿತ್ತು.

ಆಮೇಲೆ ಸುಮಾರು ಒಂದು ತಿಂಗಳು ಸೂಜಿಮಲ್ಲಿಗೆಯ ಸದ್ದಿಲ್ಲ. ಒಂದು ಮಧ್ಯಾಹ್ನ ಅವಳ ಖಾತೆಯಿಂದ ಧ್ವನಿ ಬಂತು. ನಾನು ಆ ಧ್ವನಿಯನ್ನು ಕೇಳಿದ್ದು ಅದೇ ಮೊದಲು. "ಅಮ್ಮ, ಮಂಡ್ಯದಲ್ಲಿ ದೊಡ್ಡಾಸ್ಪತ್ರೆಲಿ ಇವ್ನಿ. ಟೈಪ್ ಮಾಡಕಾಗಲ್ಲ."

ಜಯಮ್ಮ ಹೊಳಲಿನಿಂದ ಬಂದರು, ಇಬ್ಬರೂ ಹೋದೆವು. ಜಯಮ್ಮ ಸೆರಗಿನಲ್ಲಿ ಎರಡು ಎಳನೀರು ಕಟ್ಟಿಕೊಂಡು ತಂದಿದ್ದರು. ಹಾಸಿಗೆಯ ಮೇಲೆ ಕೂತಿದ್ದವಳು ನನ್ನ ಮಗಳ ವಯಸ್ಸಿಗಿಂತ ಚಿಕ್ಕವಳು. ಬಲಗೈ ಮೊಳಕೈವರೆಗೆ ಪಟ್ಟಿ. ಮಗು ಅವಳ ಎಡಗೈಯ ಬಳೆಗಳನ್ನು ಒಂದೊಂದೇ ಮೇಲೆ ಸರಿಸಿ, ಮತ್ತೆ ಕೆಳಗೆ ಬಿಡುತ್ತಿತ್ತು.

ಆದದ್ದನ್ನು ಅವಳೇ ಹೇಳಿದಳು. ಗಂಡನಿಗೆ ಅವಳ ಬಗ್ಗೆ ಗೊತ್ತಿದ್ದದ್ದು ಒಂದೇ, ಎಲ್ಲಿದ್ದರೂ ಹೊಲಿದೇ ಬದುಕುತ್ತಾಳೆ ಎಂಬುದು. ಅವನ ಕಡೆಯ ಯಾರೋ ಫೋನಿನಲ್ಲಿ ಹೊಲಿಗೆ ಎಂದು ಒತ್ತಿ, ಸುತ್ತಿನ ತಾಲ್ಲೂಕುಗಳ ಊರುಗಳನ್ನು ಒಂದೊಂದಾಗಿ ಒತ್ತಿ ನೋಡಿದ್ದರು. ನಾವು ಅಳಿಸಿಯಾಗಿದ್ದರೂ ಬೇರೆ ತಾಣದ ಪ್ರತಿಯಲ್ಲಿ, ಅವನಿಗೆ ಗುರುತಿದ್ದ ಕೆಂಪು ದಾರದ ಕತ್ತರಿ ಸಿಕ್ಕಿತು. ಅವನು ಬಿಸ್ಕತ್ತಿನ ಪೊಟ್ಟಣ ಹಿಡಿದು ಆ ಊರಿಗೆ ಬಂದ. "ರವಿಕೆ ಒಲೀತಾರಲ್ಲ, ಅವ್ರ ಮನೆ ಯಾವ್ದಜ್ಜಿ?" ಎಂದು ಕೇಳಿದ.

"ಅಜ್ಜಿ ರಾಗಿ ಕೇರ್ತಾ ಕೂತಿತ್ತಂತೆ. ಮೊರ ಕೆಳಗಿಟ್ಟು ಬಾಗ್ಲವರ್ಗೂ ಜತೇಲೇ ಬಂತು. 'ನಿನ್ನ ಕೇಳ್ಕಂಡು ಯಾರೋ ಬಂದವ್ರೆ ಕಣವ್ವಾ' ಅಂತ ಅದೇ ಕೂಗ್ತು."

"ಊರೋರು ಏನಂದ್ರು?" ಎಂದು ಜಯಮ್ಮ ಕೇಳಿದರು.

"ಕೈ ಮುಗ್ದು ಕರೀತಾವ್ನೆ, ಓಗವ್ವ ಅಂದ್ರು. ಮೊಗೀಗೆ ಅಪ್ಪ ಬ್ಯಾಡ್ವಾ ಅಂದ್ರು. ಮೆಷಿನ್ನ ಅವ್ರೇ ಎತ್ತಿ ಆಟೋಲಿ ಇಟ್ರು. ಎಲ್ರೂ ಒಳ್ಳೇರೇ ಕಣಮ್ಮ."

"ಕೈಗೆ?" ಎಂದು ನಾನು ಕೇಳಿದೆ.

"ಬಾಗ್ಲ ಸಂದೀಲಿ ಇಡ್ಸಿ ಒತ್ತುದ್ನಮ್ಮ. ಒಲುದ್ ಬದುಕ್ತೀನಿ ಅಂದ್ಯಲ್ಲಾ, ಈಗ ಒಲಿ ಅಂದ."

ಜಯಮ್ಮ ಎಳನೀರನ್ನು ಕೆಳಗಿಟ್ಟು ಮುಖ ತಿರುಗಿಸಿದರು. ಮಗುವನ್ನು ಎತ್ತಿಕೊಂಡು ವರಾಂಡಕ್ಕೆ ಹೋಗಿಬಿಟ್ಟರು.

ದೂರು ಕೊಡಲು ಅವಳ ಜೊತೆ ನಾವು ಹೋದೆವು. ಅದು ಅದರ ದಾರಿಯಲ್ಲಿ ನಡೆಯುತ್ತಿದೆ, ಆ ವಿಷಯ ಇಷ್ಟೇ ಸಾಕು. ಆ ದಿನ ಆಸ್ಪತ್ರೆಯಲ್ಲಿ ಅವಳು ನನ್ನಿಂದ ಕೇಳಿದ್ದು ಬೇರೆ.

"ಇನ್ನೊಂದ್ ಸಲ ಓಯ್ತೀನಿ ಅಮ್ಮ. ನಂಗಿರಾದು ಆ ಗೆಳತಿ ಒಬ್ಳೇ. ಮೆಷಿನು ಕೊಟ್ಳು ಅಂತ ಅವ್ಳೂರ್ನ ನಾನೇ ಬರ್ದಿವ್ನಲ್ಲ. ಅದ್ನ ಅಳಿಸ್ಬುಡಿ. ಅವ್ನಿಗೆ ಒಂದ್ ಸಲ ಅಲ್ಲಿ ಸಿಕ್ತು. ಇನ್ನೊಂದ್ ಸಲಾನೂ ಅಲ್ಲೇ ಉಡುಕ್ತಾನೆ."

ನಾನು ಹೂಂ ಎಂದೆ. ನಮ್ಮಲ್ಲಿದ್ದದ್ದು ಅಳಿಸಿದೆ, ನಮ್ಮ ಕೈಯಲ್ಲಿಲ್ಲದ್ದು ಎಲ್ಲೆಲ್ಲೋ ಇದೆ ಎಂದು ಅವಳ ಪಟ್ಟಿ ಕಟ್ಟಿದ ಕೈ ನೋಡುತ್ತ ಹೇಳಲಾಗಲಿಲ್ಲ.

ಅಲ್ಲಿಂದ ಮುಂದೆ ನನ್ನ ಕೆಲಸವೆಲ್ಲ ಅದೇ ಆಯಿತು. ಯಾವ ಯಾವ ತಾಣದಲ್ಲಿ ಅವಳ ಬರಹದ ಪ್ರತಿ ಕೂತಿದೆ ಎಂದು ಹುಡುಕಿದೆ. ನೋಡಿಕೊಳ್ಳುವವರಿಗೆ ಬರೆದೆ. ಕಾನ್ವೆಂಟಿನ ಇಂಗ್ಲಿಷ್ ಉಪಯೋಗಕ್ಕೆ ಬಂತು, ಸಿಸ್ಟರ್ ಕಲಿಸಿದ ಹಾಗೆ ಮಡಿಸಿಟ್ಟ ಕರವಸ್ತ್ರದಂಥ ಸಾಲುಗಳು. ಹೆಚ್ಚಿನವರು ಒಳ್ಳೆಯವರು. ದೂರದೇಶದ ಒಬ್ಬಾತ ಉತ್ತರಿಸುವ ಮೊದಲೇ ಅಳಿಸಿದ್ದ. ಒಬ್ಬಾಕೆ ಆ ಹುಡುಗಿ ಹೇಗಿದ್ದಾಳೆ ಎಂದು ವಿಚಾರಿಸಿದಳು. ಕೊನೆಗೆ ಒಂದು ತಾಣ ಉಳಿಯಿತು. ಅದನ್ನು ನೋಡಿಕೊಳ್ಳುವವರು ಯಾರೆಂದು ಗೊತ್ತಿಲ್ಲ, ಬರೆದ ಪತ್ರಗಳಿಗೆ ಉತ್ತರವಿಲ್ಲ, ಸರ್ವರ್ ಮಾತ್ರ ಓಡುತ್ತಲೇ ಇದೆ. ಯಜಮಾನ ಬಿಟ್ಟುಹೋದ ಮನೆಯ ಹೊರಗಿನ ದೀಪ ಹಗಲಲ್ಲೂ ಉರಿಯುತ್ತದಲ್ಲ, ಹಾಗೆ. ಅಲ್ಲಿ ಆ ಒಂದು ಸಾಲು ಇತ್ತು. ಗೆಳತಿ, ಮೆಷಿನು, ಊರು.

ಅದನ್ನು ಕೆಂಪರಾಜು ಅವರ ಅಂಗಡಿಯಲ್ಲಿ ಕೂತು ತೋರಿಸಿದೆ. ಜಯಮ್ಮನೂ ಇದ್ದರು. ಕೆಂಪರಾಜು ಆ ದಿನಗಳಲ್ಲಿ ಸರಿಯಾಗಿ ಗಡ್ಡ ತೆಗೆಯುತ್ತಿರಲಿಲ್ಲ. ಊರಿನ ಪುಟವನ್ನು ಕಿತ್ತುಹಾಕಿ ಆಗಿತ್ತು, ಪ್ರೋಗ್ರಾಮನ್ನೂ ನಿಲ್ಲಿಸಿದ್ದರು. ನೀರು ಮತ್ತು ರಕ್ತದ ಗುಂಪುಗಳಲ್ಲಿ ಮಾತ್ರ ಊರು ಉಳಿದಿತ್ತು.

"ಅಲ್ಲಿಂದ ತೆಗ್ಯಾಕಾಗಲ್ಲ" ಎಂದರು.

ಜಯಮ್ಮ ಪರದೆಯನ್ನೇ ನೋಡುತ್ತಿದ್ದರು. "ತೆಗ್ಯಾಕಾಗ್ದಿದ್ರೆ ಬುಡಪ್ಪ. ಒಂದೇ ಗದ್ದೆಲಿ ನೀರ್ ನಿಂತ್ರೆ ದೂರದಿಂದ ಒಳೀತದೆ. ಎಲ್ಲಾ ಗದ್ದೇಲೂ ನಿಲ್ಸಿ ನೋಡು, ಯಾವ್ದು ಅಂತ ಎಂಗ್ ಏಳ್ತಾನೆ?"

ಕೆಂಪರಾಜು ತಲೆ ಎತ್ತಿದರು. ಕಳೆದುಹೋದ ಕೋಳಿಗೂ ಊರು ಕೇಳಿದ ಮನುಷ್ಯ. "ಅಕ್ಕಾ, ಬರೀರಿ. ಊರು ಸುಳ್ಳೇ ಆಕಿ" ಎಂದರು.

'ಸೂಜಿ ದಾರ' ಗುಂಪಿನಲ್ಲಿ ನಂಬಿಕೆಯಿದ್ದ ಹೆಂಗಸರಿಗೆ ನಾನೂ ಜಯಮ್ಮನೂ ಒಬ್ಬೊಬ್ಬರಿಗೇ ಫೋನ್ ಮಾಡಿದೆವು. ಯಾಕೆ ಎಂದು ಹೆಚ್ಚು ಹೇಳಲಿಲ್ಲ. ಹೆಚ್ಚು ಜನ ಕೇಳಲೂ ಇಲ್ಲ. ಒಬ್ಬಾಕೆ ಮಾತ್ರ "ಯಾರ್ ಕೈನೋ ಉಳ್ಸಾಕಾ?" ಎಂದು ಮೆತ್ತಗೆ ಕೇಳಿ, ಉತ್ತರಕ್ಕೆ ಕಾಯದೆ ಫೋನ್ ಇಟ್ಟಳು. ಆ ವಾರ ಗುಂಪು ತುಂಬಿಹೋಯಿತು. ಮೊಳೆಗೆ ನೇತುಹಾಕಿದ ರವಿಕೆಗಳು, ಕೆಂಪು ದಾರ ಸುತ್ತಿದ ಕತ್ತರಿಗಳು. "ಈ ಮೆಷಿನು ಇಂಥ ಊರಿನ ಗೆಳತಿ ಕೊಟ್ಟಳು, ದೇವರಂಥವಳು" ಎಂಬ ಅದೇ ಸಾಲು. ಊರು ಮಾತ್ರ ಒಬ್ಬೊಬ್ಬರದು ಒಂದೊಂದು. ಹೊಸ ಬಣ್ಣದ ನೀಲಿ ಗೋಡೆಯೂ ಒಂದು ಕಂಡಿತು. ಫೋಟೊಗೆಂದೇ ಬಳಿದಿದ್ದರೋ ಏನೋ. ಸಾಲು ಸಾಲಾಗಿ ಅವೆಲ್ಲ ಆ ದಿಕ್ಕಿಲ್ಲದ ತಾಣಕ್ಕೂ ಹರಿದುಹೋದವು. ಸೂಜಿಮಲ್ಲಿಗೆಯ ಸಾಲು ಅವುಗಳ ನಡುವೆ ಎಲ್ಲಿದೆ ಎಂದು ಹುಡುಕಲು ನನಗೇ ಹೊತ್ತು ಹಿಡಿಯಿತು.

ಜೋಡಿಸುವವಳಾಗಿ ನಾನು ಮಾಡಿದ ಕೊನೆಯ ಕೆಲಸ ಅದು. ಸಾಸಿವೆ ಡಬ್ಬಿಗೆ ಮೆಂತ್ಯ, ಜೀರಿಗೆ, ಅಕ್ಕಿ ಎಲ್ಲವನ್ನೂ ನನ್ನ ಕೈಯಾರೆ ಸುರಿದೆ. ಅವಳು ಉಳಿಯಲು ಅಷ್ಟು ಸಾಕೇ ಎಂದು ಕೇಳಿಕೊಳ್ಳುತ್ತಲೇ ಇದ್ದೇನೆ. ಈಗಲೂ ಬೆಳಿಗ್ಗೆ ಎದ್ದು ಆ ತಾಣವನ್ನು ನೋಡುತ್ತೇನೆ. ಆ ಸಾಲು ಇದೆ. ಮೊನ್ನೆ ಹೆಸರಿಲ್ಲದ ಯಾರೋ ಅದರ ಕೆಳಗೆ "ಅಕ್ಕಾ, ಈಗ ಎಲ್ಲಿದ್ದೀರಿ? ರವಿಕೆ ಹೊಲಿಸಬೇಕಿತ್ತು" ಎಂದು ಕೇಳಿದ್ದಾರೆ. ನಿಜವಾಗಿ ರವಿಕೆ ಹೊಲಿಸಬೇಕಾದವರೇ ಇರಬಹುದು. ತಿಳಿಯುವ ಬಗೆ ಇಲ್ಲ.

ಹೊಸದಾಗಿ ಈ ಕೆಲಸಕ್ಕೆ ಬರುವವರೇ, ವಿಷಯಕ್ಕೆ ತಕ್ಕ ಗುಂಪಿಗೆ ಸೇರಿಸುವುದನ್ನು ನೀವು ಬೇಗ ಕಲಿಯುತ್ತೀರಿ. ಯಾರಾದರೂ ಒಂದು ಜಾಗವನ್ನು ಖಾಲಿ ಬಿಟ್ಟಿದ್ದರೆ, ಮರೆತಿದ್ದಾರೆ ಎಂದುಕೊಳ್ಳಬೇಡಿ. ಅಷ್ಟು ಹೇಳುವುದಕ್ಕೆ ಇಷ್ಟುದ್ದ ಬರೆಯಬೇಕಾಯಿತು.

ಹೋದ ವಾರ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. "ಅಮ್ಮ" ಎಂದದ್ದಕ್ಕೇ ಯಾರೆಂದು ತಿಳಿಯಿತು. ಹಿಂದೆ ಪ್ರೆಷರ್ ಕುಕ್ಕರು ಕೂಗಿತು, ಮಗು ಏನೋ ಹಾಡುತ್ತಿತ್ತು.

"ಎಬ್ಬೆಟ್ಟೂ ಕಿರುಬೆಳ್ಳೂ ಆಡ್ತವೆ ಅಮ್ಮ. ಉಳಿದವು ಇಲ್ಲ. ಎಡಗೈಲಿ ಕತ್ರಿ ಇಡಿಯಾದು ಕಲೀತಾ ಇವ್ನಿ. ಬಟ್ಟೆ ಸೊಟ್ಟಸೊಟ್ಟ ಓಯ್ತದೆ."

"ಮೊದಮೊದಲು ಹಾಗೇ. ಆಮೇಲೆ ಕೈ ಕೂರುತ್ತೆ" ಎಂದೆ.

"ಊಂ" ಎಂದಳು. ಇಷ್ಟು ವರ್ಷದ ಅಭ್ಯಾಸ, ನಮ್ಮ ಸೀಮೆಯ ಅಭ್ಯಾಸ. ಈಗ ಯಾವೂರಲ್ಲಿದ್ದೀಯವ್ವ ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದು ನಿಂತಿತು. ಅವಳೂ ಅದಕ್ಕೇ ಕಾಯುತ್ತಿದ್ದಳೇನೋ.

"ಉಂಡ್ಯೇನವ್ವಾ?" ಎಂದೆ.

"ಇನ್ನೂ ಇಲ್ಲ ಕಣಮ್ಮ" ಎಂದಳು. "ಈಗ ಮುದ್ದೆಗೆ ಇಟ್ಟು ತಿರುವ್ಬೇಕು."